ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಊರು ನೋಡಲು ಬರುತ್ತಿದ್ದೇವೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ನಾವಿಬ್ಬರು, ಆರನೇ ಕ್ಲಾಸಿನ ಮಗಳು, ಅತ್ತೆ. ನನ್ನ ಕೆಲಸ ಮನೆಯಿಂದಲೇ. ಬದಿಯಡ್ಕ, ನೀರ್ಚಾಲು ಕಡೆ ಜಾಗ ತಗೊಂಡು ನೆಲೆಸುವ ಯೋಚನೆ. ಬರುವ ಶನಿವಾರ, ಭಾನುವಾರ ಎಲ್ಲರೂ ಬರುತ್ತೇವೆ. ಏನೇನು ನೋಡಬೇಕು?

ಪೆರ್ಲದವ: ಭಾನುವಾರ ಬಂದರೆ ಮಧೂರು ದೇವಸ್ಥಾನ, ಬೇಕಲ ಕೋಟೆ ನೋಡಿಕೊಂಡು ಹೋಗಬಹುದು, ಅಷ್ಟೇ. ಜಾಗದ ದಾಖಲೆ ಇರುವ ವಿಲೇಜ್ ಆಫೀಸಿಗೆ ಬೀಗ. ನನ್ನ ಕಥೆ ಕೇಳಿ. 22 ಸೆಂಟ್ಸ್, ರಸ್ತೆ ಪಕ್ಕ, ತೆಂಗಿನ ಮರ ಎಲ್ಲ ಇತ್ತು. ‘ಎಲ್ಲ ಕ್ಲಿಯರ್ ಉಂಟು ಸಾರ್’ ಅಂದ ಬ್ರೋಕರ್. ಎರಡು ಲಕ್ಷ ಅಡ್ವಾನ್ಸ್ ಕೊಟ್ಟ ಮೇಲೆ ದಾಖಲೆ ತೆಗೆಸಿದರೆ ಅದರಲ್ಲಿ ‘ನಿಲಂ’ ಅಂತ ಇದೆ. ಅಂದ್ರೆ ಗದ್ದೆ. 2008ರ ಗದ್ದೆ ಕಾಯ್ದೆ ಬಂದ ಮೇಲೆ ಅಂಥ ಕಡೆ ಸುಮ್ನೆ ಮನೆ ಕಟ್ಟಲು ಬಿಡುವುದಿಲ್ಲ. ಅಡ್ವಾನ್ಸಿನಲ್ಲಿ 60 ಸಾವಿರ ಇನ್ನೂ ಅವನ ಹತ್ತಿರವೇ ಇದೆ, ಫೋನ್ ಎತ್ತುವುದಿಲ್ಲ. ಆಮೇಲೆ ತಗೊಂಡ ಜಾಗಕ್ಕೆ ಸ್ಟ್ಯಾಂಪ್ ನೂರಕ್ಕೆ 8, ನೋಂದಣಿ 2. ಪತ್ರ ಬರೆದವನಿಗೆ ಬೇರೆ, ಸರ್ವೆಯವನಿಗೆ ಬೇರೆ, ಸರ್ವೆಯವನ ಊಟಕ್ಕೂ ಬೇರೆ.

ಕುಂಬಳೆ ಅಮ್ಮ: ಜಾಗ ಆಮೇಲೆ, ಮೊದಲು ಶಾಲೆ. ನನ್ನ ಮಗ ಕನ್ನಡ ಮೀಡಿಯಂ. ಒಂದು ವರ್ಷ ಗಣಿತಕ್ಕೆ ಬಂದ ಟೀಚರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಭಿನ್ನರಾಶಿಯನ್ನು ಕೈಸನ್ನೆಯಲ್ಲಿ ಕಲಿತ ಮಕ್ಕಳು ಇವರು. ನಾವು ಹೆತ್ತವರೆಲ್ಲ ಗೇಟಿನ ಮುಂದೆ ಕೂತೆವು, ಬದಲಾಯಿಸಿದ ಮೇಲೆಯೇ ಎದ್ದದ್ದು. 2017ರ ಕಾಯ್ದೆಯಿಂದ ಹತ್ತನೇ ಕ್ಲಾಸಿನ ತನಕ ಮಲಯಾಳವೂ ಕಲಿಯಬೇಕು. ಟ್ಯೂಷನ್‌ಗೆ ತಿಂಗಳಿಗೆ 800 ಕೊಟ್ಟೆ, ಈಗ ಮೀನಿನವನ ಹತ್ತಿರ ಮಗನೇ ಮಲಯಾಳದಲ್ಲಿ ಚೌಕಾಸಿ ಮಾಡುತ್ತಾನೆ.

ಉಳ್ಳಾಲಕ್ಕೆ ಬಂದವ: ಶಾಲೆ, ಜಾಗ ಬಿಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮಂಗಳೂರಿನ ದಾರಿಯಲ್ಲಿ ತಲಪಾಡಿ ಗಡಿ ದಾಟುವುದೇ ದೊಡ್ಡ ವಿಷಯ. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದರು, ಒಳರಸ್ತೆಗೂ ಮಣ್ಣು ಸುರಿದರು. ಅಪ್ಪನಿಗೆ ವಾರಕ್ಕೆ ಎರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್. ಆಂಬುಲೆನ್ಸ್‌ನವನು ಗಡಿಯ ಗೇಟಿನ ತನಕ ಹೋಗಿ ತಿರುಗಿ ಬಂದು 3,500 ತಗೊಂಡ. ಮನೆ ಮಾರಿ ಈಚೆ ಬಂದೆ. ಕಡಿಮೆ ರೇಟಿಗೇ ಮಾರಿದ್ದು, ಬೇಜಾರಿಲ್ಲ.

ನೀರ್ಚಾಲಿನವ: ಆ ಕೊರೋನ ಕಥೆ ಇನ್ನೆಷ್ಟು ವರ್ಷ ಮಾರಾಯ್ರೆ? ಊರು ಬಿಟ್ಟವರೇ ಊರಿನ ಬಗ್ಗೆ ಜಾಸ್ತಿ ಮಾತಾಡುವುದು.

ಉಳ್ಳಾಲಕ್ಕೆ ಬಂದವ: ನಿಮ್ಮ ಹತ್ತಿರದ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದರು. ನಿಮ್ಮ ಮನೆಯವರಿಗೆ ಎದೆನೋವು ಬಂದಾಗ ಎಲ್ಲಿಗೆ ಓಡಿದಿರಿ ಹೇಳಿ ನೋಡುವ.

ನೀರ್ಚಾಲಿನವ: ಮಂಗಳೂರಿಗೇ ಓಡಿದೆವು. ಅದಕ್ಕೆ ಊರು ಬಿಡಬೇಕಾ? ಇಲ್ಲಿ ನೋಡಬೇಕಾದ್ದು ನೀರು. ಮಳೆಗಾಲದಲ್ಲಿ ಎಲ್ಲ ಕಡೆ ನೀರಿರುತ್ತದೆ, ಏಪ್ರಿಲ್‌ನಲ್ಲಿ ಬಂದು ನೋಡಿ. ನೀರಿಗಾಗಿ ನಮ್ಮ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ 28 ಕೋಲು (ಇಲ್ಲಿನ ಹಳೆಯ ಅಳತೆ) ಒಳಗೆ ಹೋಗಿದೆ. ಮುರಕಲ್ಲನ್ನು ಕುಕ್ಕರುಗಾಲಲ್ಲಿ ಕೂತು ಕಡಿಯಬೇಕು. ಪಕ್ಕದಲ್ಲಿ ಮೋಂಬತ್ತಿ, ಅದು ನಂದಿದರೆ ಗಾಳಿ ಸಾಲುವುದಿಲ್ಲ ಅಂತ ತಕ್ಷಣ ಹೊರಗೆ ಬರಬೇಕು. ಪಂಪಿಲ್ಲ, ಕರೆಂಟಿಲ್ಲ, ಅಂಗಳದ ಟ್ಯಾಂಕಿಗೆ ತಾನಾಗಿ ಇಳಿಯುತ್ತದೆ. ಕೆಳಗಿನವರು ಬೋರ್ ಹೊಡೆಸಿದ ಮೇಲೆ ಹಗ್ಗದಷ್ಟು ದಪ್ಪ ಬರುತ್ತಿದ್ದದ್ದು ನೂಲಿನಷ್ಟಾಗಿದೆ.

ಪೆರ್ಲದವ: ಬೋರ್ ಹೊಡೆಸಿದವರಲ್ಲಿ ನಾನೂ ಇದ್ದೇನೆ. 410 ಅಡಿ, ಕೇಸಿಂಗ್ ಸೇರಿ 1 ಲಕ್ಷ 38 ಸಾವಿರ. ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಮರ ಬೋಳಾಗಿದೆ, ಉಳಿದದ್ದಕ್ಕೂ ನೀರು ಬಿಡಬಾರದಾ? ಸುರಂಗದ ನೀರಲ್ಲಿ ತೋಟ ಮಾಡಿ ತೋರಿಸಿ.

ನೀರ್ಚಾಲಿನವ: ನನ್ನ ಅಜ್ಜ ಮಾಡಿದ್ದಾರೆ, ಬಂದು ನೋಡಿ.

ಪೆರ್ಲದವ: ಅಜ್ಜನಿಗೆ ಎಷ್ಟು ಮರ ಇತ್ತು? ನೂರು?

ಕುಂಬಳೆ ಅಮ್ಮ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಹುಡುಗಿ ಆರನೇ ಕ್ಲಾಸಿಗೆ ಬಂದು ಮಲಯಾಳ ಅಕ್ಷರ ಶುರು ಮಾಡಬೇಕು, ಅದರ ಬಗ್ಗೆ ಯಾರಿಗೂ ಚಿಂತೆ ಇಲ್ಲ ಅಲ್ವಾ?

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಹಾಗಾದರೆ ಶುಕ್ರವಾರವೇ ಬಂದು ವಿಲೇಜ್ ಆಫೀಸಿಗೆ ಹೋಗುತ್ತೇವೆ. ಒಂದು ವರ್ಷ ಬಾಡಿಗೆಗೆ ಇದ್ದು ನೋಡಬಹುದಾ? ನಮ್ಮ ಕಾರು ಕರ್ನಾಟಕದ್ದು, ತೊಂದರೆ ಇಲ್ಲ ತಾನೇ?

ಉಳ್ಳಾಲಕ್ಕೆ ಬಂದವ: ಕಾರಾ! ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಕೇರಳದ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಆಮೇಲೆ ಕಾಸರಗೋಡಿನ ಕೆಎಲ್ 14 ನಂಬರ್. ರಾಜ್ಯ ಬದಲಿಸಿದಾಗ ಮೊದಲು ಕಟ್ಟಿದ ಟ್ಯಾಕ್ಸ್ ವಾಪಸ್ ಬರಲು ನನಗೆ ಒಂದೂವರೆ ವರ್ಷ ಹಿಡಿಯಿತು.

ನೀರ್ಚಾಲಿನವ: ನನ್ನ ಭಾವ ಹನ್ನೆರಡು ವರ್ಷದಿಂದ ಮಂಗಳೂರಿನ ಕೆಎ 19ರಲ್ಲೇ ಓಡಾಡುತ್ತಿದ್ದಾರೆ. ಯಾರೂ ಕೇಳಿಲ್ಲ.

ಪೆರ್ಲದವ: ನಂಬರನ್ನೂ ಇಲ್ಲೇ ಹಾಕಿಬಿಡಿ, ನಾಳೆಯೇ ಕೇಳುತ್ತಾರೆ.