ಜಿಪ್ಸಿಗೆ 2 ಇಂಚಿನ ಲಿಫ್ಟ್ ಕಿಟ್: ಕಾಫಿ ಕಣದಲ್ಲೇ ಹಾಕಬಹುದಾ?

ಕಣದ ಜಿಪ್ಸಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹಾನ್‌ಬಾಳು ಕಡೆ ಕಾಫಿ ತೋಟ. ಗಾಡಿ 1998ರ ಮಾರುತಿ ಜಿಪ್ಸಿ ಕಿಂಗ್, ಕಾರ್ಬುರೇಟರ್ ಇಂಜಿನ್, ಕೆಎ-13 ನಂಬರು. ಅಪ್ಪ ಶೋರೂಮಿನಿಂದ ತಂದದ್ದು. ಅವರು ಹೋದ ಮೇಲೆ ನಾನೇ ಓಡಿಸುತ್ತಿದ್ದೇನೆ. ಮಾರುವ ಮಾತೇ ಇಲ್ಲ.

ತೋಟದ ಒಳಗಿನ ದಾರಿ ಪ್ರತಿ ಮಳೆಗಾಲ ಕೊಚ್ಚಿ ಹೋಗುತ್ತದೆ. ಗಾಲಿ ಓಡುವ ಎರಡೂ ಸಾಲು ಗುಂಡಿ ಬಿದ್ದು ನಡುವೆ ದಿಬ್ಬ ಉಳಿಯುತ್ತದೆ. ಪಂಪ್‌ಹೌಸ್ ತಿರುವಿನಲ್ಲಿ ಒಂದು ಕಲ್ಲಿದೆ. ಹಿಂದೆ ಇಬ್ಬರು ಕೂತು ನಾಲ್ಕು ಮೂಟೆ ಗೊಬ್ಬರ ಹಾಕಿದರೆ ಸಾಕು, ಅಡಿ ತಾಗಿ ಕರ್ ಅನ್ನುತ್ತದೆ. ಅದಕ್ಕೆ ಗಾಡಿಯನ್ನು 2 ಇಂಚು ಎತ್ತರಿಸುವ ಲಿಫ್ಟ್ ಕಿಟ್ ತರಿಸಿದ್ದೇನೆ. ನಾಲ್ಕು ಲೀಫ್ ಸ್ಪ್ರಿಂಗ್ ಸೆಟ್, ನಾಲ್ಕು ಉದ್ದದ ಶಾಕ್ ಅಬ್ಸಾರ್ಬರ್, ಎಂಟು ಯು-ಬೋಲ್ಟು, ಬುಷ್‌ಗಳು, ಜೊತೆಗೆ ಒರಿಜಿನಲ್‌ಗಿಂತ ಉದ್ದದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಪಟ್ಟಿ).

ನನ್ನ ಹತ್ತಿರ ಎರಡು ಬಾಟಲ್ ಜಾಕ್, ಒಳ್ಳೆ ಸ್ಪ್ಯಾನರ್ ಸೆಟ್, ಮೂರಡಿ ಜಿಐ ಪೈಪು, ಒಂದು ಗ್ರೈಂಡರ್ ಇದೆ. ಸಹಾಯಕ್ಕೆ ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಇದ್ದಾರೆ. ಕಾಫಿ ಕಣ ಸಿಮೆಂಟಿನದು, ಸಮತಟ್ಟಾಗಿದೆ, ಈಗ ಖಾಲಿ. ಡಿಸೆಂಬರ್ ಬಂದರೆ ಹಣ್ಣು ಹರಡಬೇಕು, ಆಮೇಲೆ ಜಾಗ ಇಲ್ಲ. ಎರಡು ದಿನದಲ್ಲಿ ಆಗುತ್ತದಾ? ಏನು ನೋಡಿಕೊಳ್ಳಬೇಕು?

ಮೂಡಿಗೆರೆ 413:

ಸರ್, ಖಂಡಿತ ಆಗುತ್ತದೆ. ನಾನು 2016ರಲ್ಲಿ ನಮ್ಮ ಶೆಡ್ಡಿನಲ್ಲಿ ಇದೇ ಗಾಡಿಗೆ ಇದೇ ಕೆಲಸ ಮಾಡಿದೆ. ಮೂರು ದಿನ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ತುಕ್ಕು ಹಿಡಿದ ಬೋಲ್ಟು ಬಿಚ್ಚುವುದಕ್ಕೇ ಹೋಯಿತು.

ಆದರೆ ಬಿಚ್ಚುವ ಮೊದಲು ಕೆಳಗೆ ಮಲಗಿ ನೋಡಿ. ಆ ಕಲ್ಲಿಗೆ ತಾಗುತ್ತಿರುವುದು ಏನು? ಗೀರು ಎಲ್ಲಿದೆ? ಚಾಸಿ, ಸೈಲೆನ್ಸರ್ ಅಥವಾ ನಡುವಿನ ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ) ಕೆಳಗಿದ್ದರೆ ಲಿಫ್ಟ್ ಕಿಟ್ ನಿಮಗೆ ಉಪಯೋಗ. ಡಿಫರೆನ್ಷಿಯಲ್ ಗುಂಡಿನ (ಆಕ್ಸಲ್‌ನಲ್ಲಿ ಗೇರು ಇರುವ ಉಬ್ಬು ಭಾಗ) ಮೇಲಿದ್ದರೆ ಕಿಟ್‌ನಿಂದ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಆಗುವುದಿಲ್ಲ. ಸ್ಪ್ರಿಂಗ್ ಎತ್ತುವುದು ಚಾಸಿಯನ್ನು. ಆಕ್ಸಲ್ ಗಾಲಿಯ ಜೊತೆ ಇದ್ದಲ್ಲೇ ಇರುತ್ತದೆ. ಜಿಪ್ಸಿಯಲ್ಲಿ ಮುಂದೆ ಹಿಂದೆ ಎರಡೂ ಇಡೀ ಆಕ್ಸಲ್, ಗುಂಡು ಅದರಲ್ಲೇ ಇದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರ್ ಮಾತ್ರ.

ಲೆಕ್ಕ ನೋಡಿ. ಒರಿಜಿನಲ್ 205/70 ಆರ್15 ಟೈರಿನ ಎತ್ತರ ಸುಮಾರು 668 ಮಿ.ಮೀ. 215/75 ಹಾಕಿದರೆ 703. ಅದರಲ್ಲಿ ಅರ್ಧ, ಅಂದರೆ ಸುಮಾರು 18 ಮಿ.ಮೀ., ಗುಂಡು ಮೇಲೆ ಹೋಗುತ್ತದೆ. 235/75 ಹಾಕಿದರೆ 33 ಮಿ.ಮೀ. ಅಷ್ಟು ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜದೆ ತಿರುಗಬೇಕಾದರೆ ಲಿಫ್ಟ್ ಬೇಕು. ಲಿಫ್ಟ್‌ನ ದೊಡ್ಡ ಉಪಯೋಗ ಅದೇ, ಟೈರಿಗೆ ಜಾಗ ಮಾಡಿಕೊಡುವುದು.

ಇನ್ನೊಂದು ಅಳತೆ. ಖಾಲಿ ಗಾಡಿಯಲ್ಲಿ ಗಾಲಿಯ ನಡು ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದಿಟ್ಟುಕೊಳ್ಳಿ. ಇಪ್ಪತ್ತೈದು ವರ್ಷ ದಾಟಿದ ಸ್ಪ್ರಿಂಗ್ ಕುಸಿದಿರುತ್ತದೆ. ನನ್ನ ಗಾಡಿಯಲ್ಲಿ ಡ್ರೈವರ್ ಕಡೆ ಹಿಂದುಗಡೆ 20 ಮಿ.ಮೀ. ಕಡಿಮೆ ಇತ್ತು. ಅಳತೆ ಬರೆದಿಡದಿದ್ದರೆ ಆಮೇಲೆ ಕಿಟ್ ಎಷ್ಟು ಎತ್ತಿತು ಅಂತಲೇ ಗೊತ್ತಾಗುವುದಿಲ್ಲ.

ಇನ್ನು ಕೆಲಸ. ಒಂದು ವಾರ ಮೊದಲಿನಿಂದಲೇ ಶ್ಯಾಕಲ್ ಪಿನ್, ಯು-ಬೋಲ್ಟ್ ನಟ್ಟುಗಳನ್ನು ವೈರ್ ಬ್ರಷ್ ಹಾಕಿ ಉಜ್ಜಿ, ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಯು-ಬೋಲ್ಟ್ ಹೇಗೂ ಹೊಸದು, ಕತ್ತರಿಸಿದರೂ ನಷ್ಟ ಇಲ್ಲ. ಹಿಂದಿನ ಆಕ್ಸಲ್‌ನಿಂದ ಶುರು ಮಾಡಿ. ಸ್ಟೀರಿಂಗ್ ತಾಪತ್ರಯ ಇಲ್ಲ, ಕೈ ಪಳಗುತ್ತದೆ. ಒಂದು ಸಲಕ್ಕೆ ಒಂದು ಕಡೆ ಮಾತ್ರ ಬಿಚ್ಚಿ. ಇನ್ನೊಂದು ಕಡೆಯ ಸ್ಪ್ರಿಂಗ್ ಆಕ್ಸಲನ್ನು ಜಾಗದಲ್ಲಿ ಹಿಡಿದಿರುತ್ತದೆ.

ಜಾಕ್ ವಿಚಾರ ದಮ್ಮಯ್ಯ ಅಂತ ಹೇಳುತ್ತೇನೆ ಸರ್. ಬಾಟಲ್ ಜಾಕ್ ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ನಾಲ್ಕು ಜಾಕ್ ಸ್ಟ್ಯಾಂಡ್ ಕೊಳ್ಳಿ, ಇಲ್ಲವೇ ಯಾವುದಾದರೂ ಗ್ಯಾರೇಜಿನಿಂದ ಎರಡು ದಿನಕ್ಕೆ ಕೇಳಿ ತನ್ನಿ. ಅವನ್ನು ಚಾಸಿ ಕೆಳಗೆ ಕೊಡಿ. ಆಕ್ಸಲ್ ಕೆಳಗೆ ಜಾಕ್ ಇರಲಿ, ಅದನ್ನು ಏರಿಸಿ ಇಳಿಸಿ ಸ್ಪ್ರಿಂಗ್ ಕೂರಿಸಬೇಕು. ಸಿಮೆಂಟ್ ಬ್ಲಾಕ್, ಜಂಬಿಟ್ಟಿಗೆ ಮೇಲೆ ಗಾಡಿ ನಿಲ್ಲಿಸಬೇಡಿ. ಅದು ಮುನ್ಸೂಚನೆ ಕೊಟ್ಟು ಒಡೆಯುವುದಿಲ್ಲ. ಉಳಿದ ಗಾಲಿಗಳಿಗೆ ಮರದ ತಡೆ ಇಡಿ.

ಜಿಪ್ಸಿಯಲ್ಲಿ ಸ್ಪ್ರಿಂಗ್ ಇರುವುದು ಆಕ್ಸಲ್‌ನ ಕೆಳಗೆ. ಸ್ಪ್ರಿಂಗಿನ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ತೂತಿಗೆ ಸರಿಯಾಗಿ ಕೂರಬೇಕು. ಕೂತಿದೆಯಾ ಅಂತ ಬೆರಳು ಹಾಕಿ ನೋಡಬೇಡಿ. ನನ್ನ ಬಾಮೈದ ಹಾಗೆ ನೋಡುತ್ತಿದ್ದಾಗ ಜಾಕ್ ಒಂದು ಎಳೆ ಇಳಿಯಿತು. ಉಗುರು ಹೋಯಿತು, ಮೂಳೆ ಉಳಿಯಿತು. ಸ್ಕ್ರೂಡ್ರೈವರ್ ಹಾಕಿ ನೋಡಿ.

ರಬ್ಬರ್ ಬುಷ್ ಆದರೆ ಶ್ಯಾಕಲ್ ನಟ್ಟು ಮೇಲೆತ್ತಿದ ಗಾಡಿಯಲ್ಲಿ ಬಿಗಿ ಮಾಡಬೇಡಿ. ಕೈಯಲ್ಲಿ ತಿರುಗಿಸಿ ಬಿಡಿ. ನಾಲ್ಕೂ ಗಾಲಿ ನೆಲಕ್ಕೆ ಬಂದು, ಗಾಡಿ ಎರಡು ಸಲ ಹಿಂದೆ ಮುಂದೆ ಓಡಿದ ಮೇಲೆ ಪೂರ್ತಿ ಬಿಗಿ ಮಾಡಿ. ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯು-ಬೋಲ್ಟಿನ ನಾಲ್ಕು ನಟ್ಟನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. 100 ಕಿ.ಮೀ. ಓಡಿಸಿ ಮತ್ತೆ ನೋಡಿ, 500ಕ್ಕೆ ಇನ್ನೊಮ್ಮೆ. ಖಂಡಿತ ಸಡಿಲ ಆಗಿರುತ್ತದೆ.

ಬ್ರೇಕ್ ಹೋಸ್: ಗಾಲಿ ಪೂರ್ತಿ ನೇತಾಡುವಂತೆ ಬಿಟ್ಟು, ಸ್ಟೀರಿಂಗ್ ಎರಡೂ ಕಡೆ ಕೊನೆವರೆಗೆ ತಿರುಗಿಸಿ ನೋಡಿ. ಹೋಸ್ ತಂತಿಯ ಹಾಗೆ ಬಿಗಿದಿದ್ದರೆ ಉದ್ದದ್ದು ಹಾಕದೆ ಗಾಡಿ ಹೊರಗೆ ತೆಗೆಯಬೇಡಿ. ಇದರಲ್ಲಿ ಇರಲಿ ಬಿಡು ಅನ್ನುವ ಮಾತು ಬೇಡ.

ಕೊನೆಯದು, ಮುಖ್ಯವಾದದ್ದು. ಕಿಟ್‌ನ ಉದ್ದದ ಶ್ಯಾಕಲ್ ಮುಂದೆ ಹಾಕಬೇಡಿ. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದು ಉದ್ದವಾದರೆ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್, ಅಂದರೆ ಗಾಲಿ ಎಡ ಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಎತ್ತರ ಸ್ಪ್ರಿಂಗ್‌ನಿಂದಲೇ ಬರಲಿ.

ಲೇತ್ ಕೆಲಸ, ಹಾಸನ:

ಮೇಲಿನವರು ಹೇಳಿದ್ದೆಲ್ಲ ಸರಿ. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಗ್ಗೆ ನಾನು ಸೇರಿಸುತ್ತೇನೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಪ್ರತ್ಯೇಕ ಇದೆ. ನಡುವೆ ಒಂದು ಗಿಡ್ಡ ಶಾಫ್ಟ್, ಅಲ್ಲಿಂದ ಮುಂದಕ್ಕೊಂದು ಹಿಂದಕ್ಕೊಂದು. ಎರಡೂ ಹೆಚ್ಚು ಉದ್ದ ಇಲ್ಲ. ಗಾಡಿ ಎತ್ತಿದಷ್ಟೂ ಕೋನ ಜಾಸ್ತಿ. 2 ಇಂಚಿಗೆ ತೊಂದರೆ ಇಲ್ಲ, ಆದರೆ ಶಾಫ್ಟ್ ತುದಿಯ ಕೀಲು, ಅಂದರೆ ಕ್ರಾಸ್, ಹಳೆಯದಾಗಿದ್ದರೆ ಈ ನೆಪದಲ್ಲಿ ಸದ್ದು ಶುರುವಾಗುತ್ತದೆ. ಶಾಫ್ಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಟಿಕ್ ಅಂದರೆ ಈಗಲೇ ಬದಲಾಯಿಸಿ. ಗ್ರೀಸ್ ಹೊಡೆಯಿರಿ.

ಮುಂದಿನ ಗಾಲಿ ಎಡ ಬಲ ತಿರುಗುವ ಕಿಂಗ್‌ಪಿನ್ ಬೇರಿಂಗ್ ಕೂಡ ನೋಡಿ. ಗಾಲಿಯ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಅದು ಸವೆದಿದ್ದರೆ ಲಿಫ್ಟ್ ಆದ ಮೇಲೆ ಸ್ಟೀರಿಂಗ್ ನಡುಗುತ್ತದೆ, ಜನ ಕಿಟ್ ಮೇಲೆ ತಪ್ಪು ಹಾಕುತ್ತಾರೆ.

ಕೆಎ-46:

ಕಾಗದದ ವಿಚಾರವನ್ನೂ ಯೋಚಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಆಮೇಲೆ ಬಂದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡವೂ ಇದೆ. 1998ರ ಗಾಡಿ ಅಂದರೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋಗಲೇಬೇಕು. ಬಿಚ್ಚುವ ಮೊದಲು ಒಮ್ಮೆ ಸಕಲೇಶಪುರದ ಎಆರ್‌ಟಿಒ ಕಚೇರಿಯಲ್ಲಿ ಕೇಳಿ. ಹಳೆ ಸ್ಪ್ರಿಂಗ್ ಗುಜರಿಗೆ ಕೊಡಬೇಡಿ, ಮತ್ತೆ ಹಾಕಬೇಕಾಗಿ ಬರಬಹುದು.

ಕಣದ ಜಿಪ್ಸಿ:

ಮೂರು ವಾರ ಆಯಿತು, ಬರೆಯಲು ತಡವಾಯಿತು. ಎಲ್ಲರಿಗೂ ಥ್ಯಾಂಕ್ಸ್.

ಕೆಳಗೆ ಮಲಗಿ ನೋಡಿದೆ. ಗೀರು ಎರಡು ಕಡೆ ಇತ್ತು. ಸೈಲೆನ್ಸರ್ ಪೈಪಿನ ಮೇಲೆ ಉದ್ದಕ್ಕೆ, ಹಿಂದಿನ ಡಿಫರೆನ್ಷಿಯಲ್ ಕೆಳಗೆ ಆಳವಾಗಿ. ಆಳವಾದದ್ದೇ ಹೆಚ್ಚು. ಆದರೂ ಸ್ಪ್ರಿಂಗ್ ಎರಡೂ ಕಡೆ ಕುಸಿದಿತ್ತು, ಒಂದರಲ್ಲಿ ಮೂರನೇ ಪ್ಲೇಟ್ ಕಟ್ ಆಗಿತ್ತು. ಎಆರ್‌ಟಿಒ ಕಚೇರಿಗೂ ಹೋಗಿ ಬಂದೆ. ರಸ್ತೆ ಮೇಲೆ ಓಡಿಸುವುದಾದರೆ ಅಳತೆ ಮೀರಬೇಡಿ ಅಂದರು. ಗಾಡಿ ಹೆಚ್ಚಾಗಿ ತೋಟದೊಳಗೇ ಓಡುವುದು, ಹಳೆ ಸೆಟ್ ಗೋದಾಮಿನಲ್ಲಿ ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ಹಿಂದಿನ ಆಕ್ಸಲ್ ಒಂದು ದಿನದಲ್ಲಿ ಮುಗಿಯಿತು. ಖಾಲಿ ಗಾಡಿಯಲ್ಲಿ ಎಡಕ್ಕೆ 58, ಬಲಕ್ಕೆ 66 ಮಿ.ಮೀ. ಮೇಲೆ ಬಂತು. ಮುಂದಿನದು ಕಷ್ಟ ಕೊಟ್ಟಿತು. ಬಲಗಡೆಯ ಶ್ಯಾಕಲ್ ಪಿನ್ ಬುಷ್ ಒಳಗೆ ಹಿಡಿದು ಕೂತಿತ್ತು. ಪೈಪ್ ಹಾಕಿ ಎಳೆದಾಗ ತಲೆ ಮುರಿಯಿತು. ಗ್ರೈಂಡರ್‌ನಲ್ಲಿ ಕತ್ತರಿಸುವಾಗ ಶ್ಯಾಕಲ್ ಪಟ್ಟಿಗೂ ಏಟು ಬಿತ್ತು. ಬೇರೆ ಶ್ಯಾಕಲ್ ಇರಲಿಲ್ಲ. ನೀವು ಬೇಡ ಅಂದಿದ್ದರೂ ಕಿಟ್‌ನ ಉದ್ದದ ಶ್ಯಾಕಲನ್ನೇ ಮುಂದೆ ಎರಡೂ ಕಡೆ ಹಾಕಿದೆ.

ಈಗ ನೀವು ಹೇಳಿದ ಹಾಗೇ ಆಗಿದೆ. ಹೆದ್ದಾರಿಯಲ್ಲಿ 50 ದಾಟಿದರೆ ಗಾಡಿ ಅತ್ತ ಇತ್ತ ಅಲೆಯುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ನೇರ ಹೋಗುವಾಗ ಸ್ಟೀರಿಂಗ್ ಚಕ್ರವೂ ಓರೆಯಾಗಿ ನಿಲ್ಲುತ್ತದೆ. ಅಮ್ಮನನ್ನು ಆಸ್ಪತ್ರೆಗೆ ಇದರಲ್ಲೇ ಕರೆದುಕೊಂಡು ಹೋಗಬೇಕು. ಹೀಗಿರುವಾಗ ಧೈರ್ಯ ಬರುತ್ತಿಲ್ಲ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆ ಹಾಕಿದರೆ ಸರಿಯಾಗುತ್ತದೆ ಅಂತ ಒಬ್ಬರು ಹೇಳಿದರು. ಹಾಕಲಾ?

ಮೂಡಿಗೆರೆ 413:

ಅಮ್ಮನನ್ನು ಈಗ ಇದರಲ್ಲಿ ಕೂರಿಸಬೇಡಿ ಸರ್. ಬೆಣೆಯೂ ಈಗಲೇ ಬೇಡ. ಮೊದಲು ತಪ್ಪಿಗೆ ಕಾರಣವಾದದ್ದನ್ನು ತೆಗೆಯೋಣ. ಮುಂದೆ ಎರಡೂ ಕಡೆ ಒರಿಜಿನಲ್ ಉದ್ದದ ಶ್ಯಾಕಲ್ ಹಾಕಿ. ಒಂದೇ ಕಡೆ ಬದಲಾಯಿಸಬೇಡಿ, ಗಾಡಿ ವಾಲುತ್ತದೆ. ಈಗ ಬೋಲ್ಟು ಹೊಸದು, ಅರ್ಧ ದಿನದ ಕೆಲಸ. ಪಿನ್‌ಗೆ ಗ್ರೀಸ್ ಹಚ್ಚಿ ಹಾಕಿ.

ಸ್ಟೀರಿಂಗ್ ಓರೆ ಆಗಿರುವುದು ಬೇರೆ ವಿಚಾರ. ಚಾಸಿ ಮೇಲೆ ಹೋದಾಗ ಸ್ಟೀರಿಂಗ್ ಬಾಕ್ಸೂ ಮೇಲೆ ಹೋಯಿತು, ಬಾಕ್ಸಿನಿಂದ ಗಾಲಿ ಕಡೆಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಓರೆ ಆಯಿತು. ಲಾಕ್ ನಟ್ಟು ಸಡಿಲಿಸಿ ಡ್ರ್ಯಾಗ್ ಲಿಂಕ್ ತಿರುಗಿಸಿ ಉದ್ದ ಸರಿ ಮಾಡಿದರೆ ಚಕ್ರ ನೇರಕ್ಕೆ ಬರುತ್ತದೆ. ಸ್ಟೀರಿಂಗ್ ಚಕ್ರ ಬಿಚ್ಚಿ ತಿರುಗಿಸಿ ಮಾತ್ರ ಹಾಕಬೇಡಿ. ಹಾಗೆ ಮಾಡಿದರೆ ಬಾಕ್ಸ್ ತನ್ನ ನಡು ಜಾಗದಲ್ಲಿ ಇರುವುದಿಲ್ಲ.

ಇಷ್ಟು ಆದ ಮೇಲೆ ಹಾಸನದಲ್ಲಿ ಕ್ಯಾಸ್ಟರ್ ಅಳೆಸಿ. ಆಗಲೂ ಕಡಿಮೆ ಬಂದರೆ 2 ಡಿಗ್ರಿ ಬೆಣೆ, ದಪ್ಪ ತುದಿ ಮುಂದಕ್ಕೆ. ನಿಮ್ಮದು ಸ್ಪ್ರಿಂಗ್ ಆಕ್ಸಲ್ ಕೆಳಗಿರುವ ಗಾಡಿ, ಅದಕ್ಕೇ ಮುಂದಕ್ಕೆ. ಸ್ಪ್ರಿಂಗನ್ನು ಆಕ್ಸಲ್ ಮೇಲಕ್ಕೆ ಮಾಡಿಸಿಕೊಂಡ ಗಾಡಿಯವರು ಇದನ್ನು ನೋಡಿ ಹಾಕಬೇಡಿ, ಅವರಿಗೆ ಉಲ್ಟಾ. ಮತ್ತೆ ಯು-ಬೋಲ್ಟ್ ಬಿಗಿ ಮಾಡಿದಿರಾ? 100 ಕಿ.ಮೀ. ದಾಟಿರಬೇಕು.

ಕಣದ ಜಿಪ್ಸಿ:

ಯು-ಬೋಲ್ಟ್ ನೋಡಿದೆ. ಎಂಟರಲ್ಲಿ ಐದು ಸಡಿಲ ಇತ್ತು, ಒಂದೊಂದು ಕಾಲು ಸುತ್ತು ಬಂತು.

ಹಾಸನದಿಂದ ಶ್ಯಾಕಲ್ ತಂದು ನಿನ್ನೆ ಹಾಕಿದೆವು. ಡ್ರ್ಯಾಗ್ ಲಿಂಕ್ ಎರಡು ಸುತ್ತು ತಿರುಗಿಸಿದ ಮೇಲೆ ಚಕ್ರ ನೇರ ನಿಂತಿತು. ಇವತ್ತು ಬೆಳಿಗ್ಗೆ ಪೇಟೆವರೆಗೆ ಹೋಗಿ ಬಂದೆ. ತಿರುವಿನಲ್ಲಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನೇ ವಾಪಸ್ ಬರುತ್ತದೆ. 60ರಲ್ಲಿ ನೆಟ್ಟಗೆ ಹೋಯಿತು. ಅಳತೆ ಮುಂದಿನ ವಾರ ಮಾಡಿಸುತ್ತೇನೆ, ಅಮ್ಮ ಅಲ್ಲಿವರೆಗೆ ಚಿಕ್ಕಪ್ಪನ ಕಾರಿನಲ್ಲಿ ಹೋಗುತ್ತಾರೆ.

ಸೈಲೆನ್ಸರ್ ಈಗ ಎಲ್ಲೂ ತಾಗುತ್ತಿಲ್ಲ. ಡಿಫರೆನ್ಷಿಯಲ್ ಮಾತ್ರ ಆ ಕಲ್ಲಿಗೆ ಮೊದಲಿನ ಹಾಗೇ ತಾಗಿತು. 215/75 ಟೈರ್ ಬೆಳೆ ದುಡ್ಡು ಬಂದ ಮೇಲೆ. ಸಂಜೆ ರೈಟರ್, ನಾನು, ಕೂಲಿ ಲೈನಿನ ಇಬ್ಬರು ಹುಡುಗರು ಸೇರಿ ಎರಡು ಹಾರೆ ಕೊಟ್ಟು ಕಲ್ಲನ್ನು ಎಬ್ಬಿಸಿದೆವು. ಮೇಲೆ ಕಾಣುತ್ತಿದ್ದದ್ದು ಒಂದು ಗೇಣು, ಮಣ್ಣಿನೊಳಗೆ ಮೂರಡಿ ಇತ್ತು. ಅದನ್ನು ಪಂಪ್‌ಹೌಸ್ ಬಾಗಿಲ ಮುಂದೆ ಮೆಟ್ಟಿಲಿಗೆ ಹಾಕಿದ್ದೇವೆ.