ಕೊಚ್ಚಿಗೆ ನಾಲ್ಕು ಜನ, ಎಂಟು ಸಾವಿರ ರೂಪಾಯಿ: ಆಗುತ್ತದಾ?

ಬದಿಯಡ್ಕದವ:

ನಮಸ್ಕಾರ. ಮಗ ಏಳನೇ ಕ್ಲಾಸು. ಈ ಸಲ ಕ್ರಿಸ್ಮಸ್ ರಜೆಯಲ್ಲಿ ಹಡಗು ತೋರಿಸಲೇಬೇಕು ಅಂತ ಹಟ ಹಿಡಿದು ಕೂತಿದ್ದಾನೆ. ಬೇಕಲಕ್ಕೆ ಕರೆದುಕೊಂಡು ಹೋದರೆ ಕಡಲು ಕಾಣುತ್ತದೆ, ಹಡಗು ಕಂಡರೆ ದೂರದಲ್ಲಿ ಒಂದು ಚುಕ್ಕೆ. ಹಾಗಾಗಿ ಕೊಚ್ಚಿ ಅಂತ ಯೋಚನೆ. ಹೋಗುವವರು ನಾವು ಗಂಡ ಹೆಂಡತಿ, ಮಗ, ಮತ್ತೆ ಅಮ್ಮ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಕೊಳೆರೋಗ ಬಂದು ಅಡಿಕೆ ಅರ್ಧಕ್ಕರ್ಧ ಉದುರಿದೆ. ಎಂಟು ಸಾವಿರದ ಮೇಲೆ ಒಂದು ರೂಪಾಯಿ ತೆಗೆಯುವ ಹಾಗಿಲ್ಲ. ರೈಲು, ರೂಮು, ಊಟ ಎಲ್ಲ ಅದರಲ್ಲೇ ಆಗಬೇಕು. ಎರಡು ದಿನ ಸಾಕು.

ತೊಂದರೆ ಎಂತ ಅಂದ್ರೆ, ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಹತ್ತಲಾರರು. ಮೀನು ಮಾಂಸ ಮಾಡುವ ಹೋಟೆಲಿಗೆ ಕಾಲಿಡುವುದಿಲ್ಲ. ಮತ್ತೆ, ನಾವೆಲ್ಲ ಕನ್ನಡ ಮೀಡಿಯಂ. ಮಲಯಾಳ ಮಾತಾಡುತ್ತೇವೆ, ಓದಲು ಬರುವುದಿಲ್ಲ. ಬಸ್ಸಿನ ಬೋರ್ಡು ನೋಡಿ ಹತ್ತುವುದು ಕಷ್ಟ. ಯೂಟ್ಯೂಬ್ ನೋಡಿದರೆ ಎಲ್ಲರೂ ರೆಸಾರ್ಟಿನ ಸ್ವಿಮ್ಮಿಂಗ್ ಪೂಲಿನಿಂದಲೇ ಶುರು ಮಾಡುತ್ತಾರೆ. ನಮ್ಮಂಥವರಿಗೆ ಆಗುವ ದಾರಿ ಗೊತ್ತಿದ್ದವರು ಹೇಳಿ.

ಕುಂಬಳೆ ಪ್ಯಾಸೆಂಜರ್:

ರೈಲಿನ ವಿಷಯ ನಾನು ಹೇಳುತ್ತೇನೆ, ಉಳಿದದ್ದು ಬೇರೆಯವರು ಹೇಳಲಿ. ವಂದೇ ಭಾರತ್ ಕಡೆ ನೋಡಲೇಬೇಡಿ. ಒಂದು ಕಡೆಗೇ ತಲೆಗೆ ಸಾವಿರದ ಹತ್ತಿರ ಆಗುತ್ತದೆ, ನಾಲ್ಕು ಜನಕ್ಕೆ ಅಲ್ಲೇ ಅರ್ಧ ಬಜೆಟ್ ಮುಗೀತು. ಹೋಗುವಾಗ ಪರಶುರಾಮ್ ಎಕ್ಸ್‌ಪ್ರೆಸ್‌ನಲ್ಲಿ ಸೆಕೆಂಡ್ ಸಿಟ್ಟಿಂಗ್ ರಿಸರ್ವ್ ಮಾಡಿ. ತಲೆಗೆ ಇನ್ನೂರರ ಒಳಗೆ. ನಸುಕಿನಲ್ಲಿ ಕಾಸರಗೋಡು ಬಿಟ್ಟರೆ ಮಧ್ಯಾಹ್ನ ಎರ್ನಾಕುಳಂ ಟೌನ್, ಅದು ಕೊಚ್ಚಿಯದೇ ಸ್ಟೇಷನ್. ಆ ಹೊತ್ತಿಗೆ ಬದಿಯಡ್ಕದಿಂದ ರಿಕ್ಷಾ ಮಾಡಿದರೆ ಟಿಕೆಟ್ಟಿಗಿಂತ ಅದೇ ದುಬಾರಿ. ಕಾಸರಗೋಡಿನಲ್ಲಿ ನೆಂಟರಿದ್ದರೆ ಹಿಂದಿನ ದಿನವೇ ಬಂದು ಉಳಿಯಿರಿ.

ಹೋಗುವಾಗ ಮಾವೇಲಿ, ಮಲಬಾರ್ ಬೇಡ. ನಡುರಾತ್ರಿ ಕಳೆದ ಮೇಲೆ ತಂದು ಇಳಿಸುತ್ತವೆ. ಅಮ್ಮನನ್ನು ಕರೆದುಕೊಂಡು ಆಗ ಎಲ್ಲಿ ಹೋಗುತ್ತೀರಿ? ಬರುವಾಗ ಅದೇ ಗಾಡಿಗಳು ಒಳ್ಳೆಯದು. ರಾತ್ರಿ ಸ್ಲೀಪರಿನಲ್ಲಿ ಮಲಗಿದರೆ ಬೆಳಗ್ಗೆ ಕಾಸರಗೋಡು, ಒಂದು ರಾತ್ರಿಯ ರೂಮು ಬಾಡಿಗೆಯೂ ಉಳಿಯಿತು. ಮತ್ತೆ, ಬುಕ್ಕಿಂಗ್ ಈಗ 120 ದಿನ ಮೊದಲು ಅಲ್ಲ, 60 ದಿನ ಮೊದಲು ತೆರೆಯುತ್ತದೆ. ಅಮ್ಮನಿಗೆ ಹಿರಿಯರ ರಿಯಾಯಿತಿ ಅಂತ ಲೆಕ್ಕ ಹಾಕಬೇಡಿ. 2020ರಲ್ಲಿ ನಿಲ್ಲಿಸಿದ್ದು ಮತ್ತೆ ಕೊಟ್ಟಿಲ್ಲ.

ಪೆರ್ಲದಕ್ಕ:

ನಾನು ಮದುವೆಗೆ ಮೊದಲು ಎರ್ನಾಕುಳಂನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೆ. ಬಾಡಿಗೆ ಕಡಿಮೆ ಅಂತ ಇದ್ದದ್ದು ಮಟ್ಟಾಂಚೇರಿ ಕಡೆ. ದಿನಾ ಬೋಟಿನಲ್ಲೇ ಆಫೀಸು. ಹಾಗಾಗಿ ಹೇಳುತ್ತೇನೆ, ಕೊಚ್ಚಿಯಲ್ಲಿ ದುಡ್ಡು ಕೊಟ್ಟು ನೋಡುವಂಥದ್ದು ಕಡಿಮೆ, ಸುಮ್ನೆ ಬೋಟಿನಲ್ಲಿ ಕೂತು ನೋಡುವಂಥದ್ದೇ ಜಾಸ್ತಿ. ಮರೀನ್ ಡ್ರೈವಿನಲ್ಲಿ ಟೂರಿಸ್ಟ್ ಬೋಟಿನವರು ಬೆನ್ನು ಬಿಡುವುದಿಲ್ಲ. ಹತ್ತಬೇಡಿ. ಅದೇ ನೀರಿನಲ್ಲಿ ರಾಜ್ಯ ಜಲಸಾರಿಗೆ ಇಲಾಖೆಯ ಬೋಟು ಊರಿನವರನ್ನು ಹತ್ತು ರೂಪಾಯಿಯೊಳಗೆ ದಾಟಿಸುತ್ತದೆ.

ಎರ್ನಾಕುಳಂ ಮೈನ್ ಜೆಟ್ಟಿಯಲ್ಲಿ ಟಿಕೆಟ್ ತಗೊಂಡು ಫೋರ್ಟ್ ಕೊಚ್ಚಿ ಬೋಟು ಹತ್ತಿ, ಮಗನನ್ನು ಅಂಚಿನ ಸೀಟಿನಲ್ಲಿ ಕೂರಿಸಿ. ಎಂಜಿನ್ ಶುರುವಾದರೆ ಕಾಲಡಿ ನಡುಗುತ್ತದೆ, ಮಾತಾಡಿದ್ದು ಕೇಳಿಸುವುದಿಲ್ಲ. ಎಡಕ್ಕೆ ವೆಲ್ಲಿಂಗ್ಡನ್ ದ್ವೀಪ, ಬಲಕ್ಕೆ ವಲ್ಲಾರ್‌ಪಾಡಂ ಟರ್ಮಿನಲ್ಲಿನ ಕಂಟೈನರ್ ಕ್ರೇನುಗಳು. ಹಡಗು ನಿಂತಿದ್ದರೆ ಅದರ ಹಿಂಬದಿ ನೋಡಲು ಹೇಳಿ. ಹೆಸರಿನ ಕೆಳಗೆ ಅದು ರಿಜಿಸ್ಟರ್ ಆದ ಊರು ಬರೆದಿರುತ್ತದೆ. ಪನಾಮಾ, ಮೊನ್ರೋವಿಯಾ ಅಂತೆಲ್ಲ. ನಮ್ಮ ಬೋಟಿನಲ್ಲಿ ಬರುತ್ತಿದ್ದ ಒಬ್ಬಳು ಶಾಲೆ ಹುಡುಗಿ ಅದನ್ನೆಲ್ಲ ನೋಟ್ಸಿನ ಕೊನೆ ಪುಟದಲ್ಲಿ ಬರೆದಿಡುತ್ತಿದ್ದಳು.

ಫೋರ್ಟ್ ಕೊಚ್ಚಿಯಲ್ಲಿ ಸಮುದ್ರಸ್ನಾನದ ಆಸೆ ಬಿಡಿ. ಕೊರೆತಕ್ಕೆ ಮರಳು ಸುಮಾರು ಹೋಗಿದೆ, ಎಷ್ಟೋ ಸಲ ಕಸ, ಪಾಯಲ್ ಅಂತ ನೀರಿನ ಕಳೆ ಬಂದು ರಾಶಿ ಬಿದ್ದಿರುತ್ತದೆ. ಆ ವಿಷಯಕ್ಕೆ ನಮ್ಮ ಬೇಕಲವೇ ವಾಸಿ. ಆದರೆ ದಡದ ದಾರಿಯಲ್ಲಿ ಕೂರಲು ಜಾಗ ಉಂಟು, ಬಂದರಿನ ಬಾಯಿ ಎದುರಿಗೇ. ಒಳಗೆ ಬರುವ ಹಡಗೆಲ್ಲ ಕಣ್ಣ ಮುಂದೆಯೇ ಹಾದು ಹೋಗಬೇಕು. ಸಂಜೆ ನಾಲ್ಕರ ಮೇಲೆ ಕೂತುಬಿಡಿ. ಅದಕ್ಕಿಂತ ಮೊದಲು ಬಿಸಿಲಿಗೆ ತಲೆ ಸುಡುತ್ತದೆ, ಡಿಸೆಂಬರ್ ಅಂತ ಕೊಡೆ ಬಿಟ್ಟು ಹೋಗಬೇಡಿ.

ಅಲ್ಲೇ ಪಕ್ಕದಲ್ಲಿ ಚೀನಾ ಬಲೆ. ದೊಡ್ಡ ಮರದ ತೊಲೆ, ಹಿಂದೆ ಹಗ್ಗಕ್ಕೆ ಒಂದರ ಕೆಳಗೆ ಒಂದು ಕಟ್ಟಿದ ಕಲ್ಲುಗಳು. ನಾಲ್ಕೈದು ಜನ ಹಗ್ಗ ಎಳೆದರೆ ಕಲ್ಲು ಕೆಳಗಿಳಿಯುತ್ತದೆ, ಆ ಕಡೆ ಬಲೆ ನೀರಿನಿಂದ ಏಳುತ್ತದೆ. ಬನ್ನಿ, ನೀವೂ ಎಳೆಯಿರಿ ಅಂತ ಕರೆಯುತ್ತಾರೆ. ಮಗ ಎಳೆಯಲಿ. ಆದರೆ ಆಮೇಲೆ ದುಡ್ಡು ಕೇಳುತ್ತಾರೆ, ಎಷ್ಟು ಅಂತ ಮೊದಲೇ ಮಾತಾಡಿ. ಸೇಂಟ್ ಫ್ರಾನ್ಸಿಸ್ ಇಗರ್ಜಿಗೆ ಅಲ್ಲಿಂದ ನಡೆದೇ ಹೋಗಬಹುದು. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡದ್ದು. ಅವನನ್ನು ಮೊದಲು ಹೂತದ್ದು ಇಲ್ಲಿ, 1539ರಲ್ಲಿ ಮೂಳೆಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಗೋರಿಯ ಕಲ್ಲು ಇನ್ನೂ ಉಂಟು.

ಈಗ ಮುಖ್ಯ ಮಾತು, ವಾರ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾಮಂದಿರ, ಸಿನಗಾಗ್, ಶುಕ್ರವಾರ ಮಧ್ಯಾಹ್ನದ ಮೇಲೆ ಇಲ್ಲ, ಶನಿವಾರ ಪೂರ್ತಿ ಇಲ್ಲ. ಜನ ಇದು ಗೊತ್ತಿಲ್ಲದೆ ವೀಕೆಂಡ್ ಅಂತ ಬಂದು ಬಾಗಿಲು ನೋಡಿ ಹೋಗುತ್ತಾರೆ. ನೀವು ಭಾನುವಾರ ಪರಶುರಾಮ್ ಹತ್ತಿ, ಸೋಮವಾರ ಬೆಳಗ್ಗೆ ಮಟ್ಟಾಂಚೇರಿ ನೋಡಿ. ಅರಮನೆಗೆ ನಾನು ಹೋದಾಗ ಟಿಕೆಟ್ ಐದು ರೂಪಾಯಿ. ಗೋಡೆ ತುಂಬ ರಾಮಾಯಣದ ಚಿತ್ರಗಳು, ಅವಸರ ಮಾಡಬೇಡಿ. ಮೇಲೆ ಹೋಗಲು ಮೆಟ್ಟಿಲು ಉಂಟು, ಅಮ್ಮನಿಗೆ ಬೇಡ ಅನಿಸಿದರೆ ಆವರಣದಲ್ಲೇ ಪಳಯನ್ನೂರು ಭಗವತಿ ದೇವಸ್ಥಾನ ಇದೆ. ಸಿನಗಾಗಿನ ನೆಲದ ಚೀನಾ ಹಂಚುಗಳನ್ನು ಬಗ್ಗಿ ನೋಡಿ. ನೀಲಿ ಬಣ್ಣದಲ್ಲಿ ಕೈಯಲ್ಲೇ ಬಿಡಿಸಿದ್ದು, ಒಂದರ ಹಾಗೆ ಇನ್ನೊಂದಿಲ್ಲ. ಆ ಬೀದಿಯಲ್ಲಿ ಕಾಳುಮೆಣಸಿನ ಪ್ಯಾಕೆಟ್ ಕೈಗೆ ಹಿಡಿಸುತ್ತಾರೆ. ಮಾರಾಯ್ರೇ, ನಿಮ್ಮ ಅಡಿಕೆ ಮರಕ್ಕೆ ಹಬ್ಬಿದ್ದೇ ಅದು! ವಾಸನೆ ನೋಡಿ ಮುಂದೆ ಹೋಗಿ.

ಉಳಿಯಲು ಫೋರ್ಟ್ ಕೊಚ್ಚಿ ಚೆಂದವೇ, ಆದರೆ ಆ ತಿಂಗಳು ಹೋಂಸ್ಟೇ ನಿಮ್ಮ ಕೈಗೆ ಎಟುಕುವುದಿಲ್ಲ. ಎರ್ನಾಕುಳಂ ಜೆಟ್ಟಿ, ಶಿವ ದೇವಸ್ಥಾನದ ಸುತ್ತ ಎಸಿ ಇಲ್ಲದ ಲಾಡ್ಜ್ ಹುಡುಕಿ. ಒಂದೇ ರೂಮು, ಒಂದು ಹಾಸಿಗೆ ಹೆಚ್ಚಿಗೆ ಕೇಳಿ, ರೂಮು ನೋಡಿಯೇ ದುಡ್ಡು ಕೊಡಿ. ದೇವಸ್ಥಾನದ ಆಸುಪಾಸಿನಲ್ಲಿ ಶುದ್ಧ ಸಸ್ಯಾಹಾರಿ ಹೋಟೆಲು ಸಿಗುತ್ತದೆ, ಅಮ್ಮನ ಸಮಸ್ಯೆ ಅಲ್ಲಿಗೆ ಮುಗೀತು. ಮೊದಲ ದಿನದ ಬುತ್ತಿ ಮನೆಯಿಂದಲೇ ಕಟ್ಟಿಕೊಳ್ಳಿ. ರೈಲಿಗೆ ಹೋಗಿ ಬರಲು ಎರಡು ಸಾವಿರದ ಒಳಗೆ, ರೂಮು ಊಟಕ್ಕೆ ನಾಲ್ಕೂವರೆ. ಕೈಯಲ್ಲಿ ಸಾವಿರದ ಮೇಲೆ ಉಳಿಯಬೇಕು. 31ರ ರಾತ್ರಿ ಪಪ್ಪಾಂಜಿ (ಹಳೇ ವರ್ಷದ ಮುದುಕನ ಬೊಂಬೆ) ಸುಡುವ ಗದ್ದಲದ ಹತ್ತಿರ ಮಾತ್ರ ಹೋಗಬೇಡಿ. ರಜೆ ಸಿಕ್ಕಿದ ಮೊದಲ ಭಾನುವಾರವೇ ಹೊರಡಿ.

ಉಪ್ಪಳ ದೋಸ್ತ್:

ಇಷ್ಟೆಲ್ಲ ಯಾಕೆ? ಕಣ್ಣೂರಿಗೆ ಹೋಗಿ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು, ರೂಮಿನ ಖರ್ಚೇ ಇಲ್ಲ. 1505ರ ಪೋರ್ಚುಗೀಸ್ ಕೋಟೆ ಉಂಟು, ಪಯ್ಯಾಂಬಲಂ ಬೀಚ್ ಉಂಟು. ಮುಳಪ್ಪಿಲಂಗಾಡಿನಲ್ಲಿ ಮರಳ ಮೇಲೆಯೇ ಕಾರು ಓಡಿಸುತ್ತಾರೆ. ಎರಡು ಸಾವಿರದಲ್ಲಿ ಮುಗಿಯುತ್ತದೆ.

ಪೆರ್ಲದಕ್ಕ:

ಕಣ್ಣೂರು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಹುಡುಗ ಕೇಳಿದ್ದು ಹಡಗು ಅಲ್ವಾ? ಕೋಟೆ ಬೇಕಿದ್ದರೆ ಅವನಿಗೆ ಬೇಕಲವೇ ಸಾಕಿತ್ತು.

ಬದಿಯಡ್ಕದವ:

ಎಲ್ಲರಿಗೂ ಧನ್ಯವಾದ. ಪೆರ್ಲದಕ್ಕ, ಎರಡೇ ಪ್ರಶ್ನೆ. ಬೋಟಿಗೆ ಹತ್ತುವಾಗ ಅಮ್ಮ ಜಾರಿದರೆ? ಮತ್ತೆ ಸ್ಟೇಷನ್ನಿನಿಂದ ಜೆಟ್ಟಿಗೆ ಬಸ್ಸು ಹುಡುಕುವುದು ಹೇಗೆ?

ಪೆರ್ಲದಕ್ಕ:

ಬಸ್ಸೇ ಬೇಡ. ಟೌನ್ ಸ್ಟೇಷನ್ನಿನ ಹತ್ತಿರವೇ ಟೌನ್ ಹಾಲ್ ಮೆಟ್ರೋ. ಹತ್ತಿ ಮಹಾರಾಜಾಸ್ ಕಾಲೇಜಿನಲ್ಲಿ ಇಳಿಯಿರಿ. ಬೋರ್ಡು ಇಂಗ್ಲಿಷಿನಲ್ಲೂ ಉಂಟು, ಲಿಫ್ಟೂ ಉಂಟು. ಅಲ್ಲಿಂದ ಲಾಡ್ಜಿಗೆ ಒಂದು ಆಟೋ ಮಾಡಿ, ಅದಕ್ಕೆ ಪಿಟ್ಟಾಸು ಮಾಡಬೇಡಿ.

ಬೋಟಿನ ವಿಷಯ ನೀವು ಕೇಳಿದ್ದು ಸರಿ. ಇಲಾಖೆಯ ಬೋಟು ಅಲೆಗೆ ಏಳುತ್ತದೆ, ಇಳಿಯುತ್ತದೆ. ಜೆಟ್ಟಿಗೂ ಬೋಟಿಗೂ ನಡುವೆ ಒಂದು ಹೆಜ್ಜೆ ಸಂದು ಇರುತ್ತದೆ. ಬೋಟಿನವರು ಕೈ ಹಿಡಿಯುತ್ತಾರೆ, ಆದರೂ ಮೊಣಕಾಲು ನೋವಿನವರಿಗೆ ಹೆದರಿಕೆಯೇ. ಅಮ್ಮನ ಜೊತೆ ಹೋಗುವಾಗ ಹೈಕೋರ್ಟ್ ಟರ್ಮಿನಲ್ಲಿನಿಂದ ವಾಟರ್ ಮೆಟ್ರೋ ಹತ್ತಿ, ಅದು ರೈಲಲ್ಲ, ಹೊಸ ನಮೂನೆಯ ಬೋಟು. ಫೋರ್ಟ್ ಕೊಚ್ಚಿಗೆ ತಲೆಗೆ ನಲವತ್ತು, ಎಸಿ. ಅಲ್ಲಿ ಜೆಟ್ಟಿಯೇ ತೇಲುವಂಥದ್ದು. ನೀರು ಏರಿದರೆ ಅದೂ ಏರುತ್ತದೆ, ಬೋಟಿನ ನೆಲಕ್ಕೆ ಸಮವಾಗಿಯೇ ಇರುತ್ತದೆ. ವೀಲ್‌ಚೇರ್ ಕೂಡ ಸೀದಾ ಒಳಗೆ ಹೋಗುತ್ತದೆ. ಆದರೆ ಗಾಜಿನ ಕಿಟಕಿ, ಗಾಳಿ ಬರುವುದಿಲ್ಲ.

ಹಾಗಾಗಿ ಒಮ್ಮೆ ಎಲ್ಲರೂ ವಾಟರ್ ಮೆಟ್ರೋದಲ್ಲಿ ಹೋಗಿ ಬನ್ನಿ. ಇನ್ನೊಮ್ಮೆ ಅಮ್ಮನನ್ನೂ ನಿಮ್ಮ ಮನೆಯವರನ್ನೂ ಜೆಟ್ಟಿಯ ಪಕ್ಕದ ಸುಭಾಷ್ ಪಾರ್ಕಿನಲ್ಲಿ ಕೂರಿಸಿ, ನೀವು ಮಗ ಇಬ್ಬರೇ ಹಳೇ ಬೋಟಿನಲ್ಲಿ ಆಚೆ ದಡಕ್ಕೆ ಹೋಗಿ ಬನ್ನಿ. ಅಲ್ಲಿ ಇಳಿದ ಕೂಡಲೇ ವಾಪಸ್ ಕೊನೆ ಬೋಟು ಎಷ್ಟು ಹೊತ್ತಿಗೆ ಅಂತ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಿ. ತಪ್ಪಿದರೆ ಸೇತುವೆ ಸುತ್ತಿ ಆಟೋದಲ್ಲಿ ಬರಬೇಕು, ಉಳಿಸಿದ್ದೆಲ್ಲ ಅಲ್ಲಿಗೆ ಹೋಗುತ್ತದೆ.