ಹಿತ್ತಲಲ್ಲಿ ಕೋಳಿ ಜೊತೆ ಹಂದಿನೂ ಸಾಕಬಹುದಾ? ಪಶುವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಪಾಂಡವಪುರ ತಾಲ್ಲೂಕು): ಡಾಕ್ಟ್ರೇ, ನಮಸ್ಕಾರ. ಮನೆ ಹಿಂದೆ ಐದು ಗುಂಟೆ ಹಿತ್ತಲಿದೆ. ತೆಂಗು, ನುಗ್ಗೆ, ಕರಿಬೇವು, ಒಂದಿಷ್ಟು ಸೊಪ್ಪು ಹಾಕಿದ್ದೇವೆ. ಬೇಲಿ ದಾಟಿದರೆ ನಾಲೆ ನೀರಿನ ಭತ್ತದ ಗದ್ದೆ. ಹನ್ನೆರಡು ನಾಟಿ ಕೋಳಿ, ಎರಡು ಹಂದಿಮರಿ ತರೋಣ ಅಂತಾರೆ ನಮ್ಮ ಯಜಮಾನರು. ಮಿಕ್ಕ ಅನ್ನ, ಮುದ್ದೆ ಹಂದಿಗೆ ಆಗುತ್ತೆ, ಗೊಬ್ಬರ ಸೊಪ್ಪಿಗೆ ಆಗುತ್ತೆ ಅನ್ನೋದು ಅವರ ಲೆಕ್ಕ. ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದಾರೆ. ಎರಡನ್ನೂ ಸಾಕಬಹುದಾ?

ಉತ್ತರ: ಅಮ್ಮಾ, ಕೋಳಿ ಧೈರ್ಯವಾಗಿ ತನ್ನಿ. ಹಂದಿ ಮಾತ್ರ ಆ ಹಿತ್ತಲಿಗೆ ಬೇಡ.

ಹಂದಿ ಗಲೀಜು ಪ್ರಾಣಿ ಅಂತ ಹೇಳುತ್ತಿಲ್ಲ. ಸಾಕಷ್ಟು ಜಾಗ ಕೊಟ್ಟರೆ ಅದು ಮಲಗುವ ಮೂಲೆಯನ್ನು ಹೊಲಸು ಮಾಡಿಕೊಳ್ಳುವುದಿಲ್ಲ. ನನಗೆ ಭಯ ನಿಮ್ಮ ಬೇಲಿಯಾಚೆಯ ಗದ್ದೆಯದು. ಗದ್ದೆಯ ನಿಂತ ನೀರಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುತ್ತದೆ. ಅಲ್ಲಿಗೆ ಬರುವ ಬೆಳ್ಳಕ್ಕಿ, ಬಕಗಳಲ್ಲಿ ಜಪಾನೀಸ್ ಎನ್ಸೆಫಲೈಟಿಸ್, ಅಂದರೆ ಮಿದುಳು ಜ್ವರದ ವೈರಸ್ ಇರಬಹುದು. ಹಕ್ಕಿಯನ್ನು ಕಚ್ಚಿದ ಸೊಳ್ಳೆ ಹಂದಿಯನ್ನು ಕಚ್ಚಿದರೆ ಆ ವೈರಸ್ ಹಂದಿಯ ರಕ್ತದಲ್ಲಿ ಸಿಕ್ಕಾಪಟ್ಟೆ ಹೆಚ್ಚುತ್ತದೆ. ಹಂದಿ ನೋಡೋಕೆ ಚೆನ್ನಾಗಿಯೇ ಇರುತ್ತದೆ, ಮೇವು ತಿನ್ನುತ್ತದೆ. ಅದನ್ನು ಕಚ್ಚಿದ ಸೊಳ್ಳೆ ಮುಂದೆ ಮಗುವನ್ನು ಕಚ್ಚಿದಾಗ ಅನಾಹುತ. ಮಂಡ್ಯ ಜಿಲ್ಲೆ ಈ ಕಾಯಿಲೆಯನ್ನು ಹಿಂದೆಯೇ ಕಂಡಿದೆ. ಗದ್ದೆ, ಹಂದಿ, ಮಕ್ಕಳು ಒಂದೇ ಕಡೆ ಬೇಡವೇ ಬೇಡ.

ಹಂದಿ ತರಲಿ ಬಿಡಲಿ, ಇವತ್ತೇ ಮಕ್ಕಳ ತಾಯಿ ಕಾರ್ಡ್ ತೆಗೆದು ನೋಡಿ. ಈ ಜ್ವರದ ಲಸಿಕೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು ಆಗಿರಬೇಕು. ಆಗಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ (ನಾಗಮಂಗಲ): ಸಾರ್, ನಮ್ಮದು ಮಳೆ ನಂಬಿದ ಹೊಲ, ಹತ್ತಿರ ಗದ್ದೆ ಇಲ್ಲ, ಊರಿಂದಲೂ ದೂರ. ಅಲ್ಲಿ ನಾಲ್ಕು ಹಂದಿ ಸಾಕಿ ಹೋಟೆಲಿನ ಮಿಕ್ಕಿದ್ದು ಹಾಕಿದರೆ? ಹಂದಿ ಜ್ವರಕ್ಕೆ ಇಂಜೆಕ್ಷನ್ ಇದೆಯಲ್ಲ?

ಉತ್ತರ: ಜಾಗ ಸರಿಯಾಗಿದೆ. ಪಂಚಾಯಿತಿಯಲ್ಲಿ ಒಂದು ಮಾತು ಕೇಳಿಕೊಳ್ಳಿ. ಆದರೆ ಇಂಜೆಕ್ಷನ್ ವಿಷಯದಲ್ಲಿ ಸುಮಾರು ಜನ ಮೋಸ ಹೋಗುತ್ತಾರೆ. ಲಸಿಕೆ ಇರುವುದು ಹಳೆಯ ಹಂದಿ ಜ್ವರಕ್ಕೆ, ಅದನ್ನು ತಪ್ಪದೆ ಹಾಕಿಸಿ. 2020ರಲ್ಲಿ ಮೊದಲು ಈಶಾನ್ಯದ ಕಡೆ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಬೇರೆಯೇ ಕಾಯಿಲೆ. ಹೆಸರು ಒಂದೇ ಥರ ಇದೆ, ಅಷ್ಟೇ. ಆ ಲಸಿಕೆ ಇದನ್ನು ತಡೆಯುವುದಿಲ್ಲ, ಬಂದ ಮೇಲೆ ಔಷಧಿಯೂ ಇಲ್ಲ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ದೊಡ್ಡಿಯಲ್ಲಿ ಬಹುಪಾಲು ಹಂದಿ ಸಾಯುತ್ತವೆ. ಈ ವೈರಸ್ ಹಂದಿಮಾಂಸದ ತುಣುಕಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೋಟೆಲಿನ ಬಕೆಟ್ಟಿನಲ್ಲಿ ಅದು ಬರಬಹುದು, ಅಲ್ವಾ? ಹಾಗಾಗಿ ಹೋಟೆಲಿನ ಮಿಕ್ಕಿದ್ದು ಬಿಟ್ಟುಬಿಡಿ. ಮಂಡ್ಯ ಸೀಮೆಯಲ್ಲಿ ಅಕ್ಕಿ ಗಿರಣಿಗೆ ಬರವೇ? ನುಚ್ಚು, ತೌಡು, ಜೊತೆಗೆ ಹಿಂಡಿ ಹಾಕಿ. ಬೂಷ್ಟು ಹಿಡಿದ ಹಿಂಡಿ ಮಾತ್ರ ಬೇಡ, ಅದು ವಿಷ.

ಇನ್ನೊಂದು ಮಾತು. ಹಂದಿಯನ್ನು ಬಯಲಿಗೆ ಬಿಡಬೇಡಿ. ಮನುಷ್ಯರ ಮಲ ತಿಂದ ಹಂದಿಯಲ್ಲಿ ಲಾಡಿಹುಳುವಿನ ಗುಳ್ಳೆ ಬೆಳೆಯುತ್ತವೆ. ಅದರ ಮಾಂಸ ಸರಿಯಾಗಿ ಬೇಯದಿದ್ದರೆ ಹುಳು ನಮ್ಮ ಹೊಟ್ಟೆ ಸೇರುತ್ತದೆ. ಅದರ ಮೊಟ್ಟೆ ಕೊಳಕು ಕೈ, ನೀರು, ತೊಳೆಯದ ಸೊಪ್ಪಿನ ಮೂಲಕ ಬಾಯಿಗೆ ಹೋದರೆ ಮಿದುಳಿನಲ್ಲಿ ಗುಳ್ಳೆಯಾಗಿ ಮೂರ್ಛೆ ಬರುತ್ತದೆ. ಹಂದಿ ತಿನ್ನದವರಿಗೂ ಬರಬಹುದು. ಸಿಮೆಂಟು ನೆಲ, ಸ್ವಲ್ಪ ಇಳಿಜಾರು, ಅರ್ಧಕ್ಕಾದರೂ ನೆರಳು ಇರಲಿ. ಹಂದಿ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲಾರದು, ಬೇಸಿಗೆಯಲ್ಲಿ ಮೈಮೇಲೆ ನೀರು ಹಾಕಿ.

ಪ್ರಶ್ನೆ (ಪಾಂಡವಪುರ): ಸರಿ ಡಾಕ್ಟ್ರೇ, ಹಂದಿ ಆಸೆ ಬಿಟ್ಟೆವು. ಆದರೆ ಹೋದ ಸಲ ಯುಗಾದಿ ಹೊತ್ತಿಗೆ ಇದ್ದ ಎಂಟು ಕೋಳಿಯೂ ಒಂದೇ ವಾರದಲ್ಲಿ ಹೋದವು. ತೂಗಡಿಸುತ್ತಿದ್ದವು, ಹಸಿರು ಹಿಕ್ಕೆ, ಒಂದೆರಡು ಕತ್ತು ತಿರುಚಿಕೊಂಡವು. ದೃಷ್ಟಿ ತಾಗಿದೆ ಅಂದರು ನಮ್ಮತ್ತೆ.

ಉತ್ತರ: ಓದಿ ಸಂಕಟವಾಯಿತಮ್ಮ. ನೀವು ಹೇಳಿದ್ದು ನೋಡಿದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗದ ಹಾಗೆ ಕಾಣುತ್ತದೆ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಮೇಲೆ ತಪ್ಪು ಹೊರಿಸಬೇಡಿ, ಹಳ್ಳಿಯಲ್ಲಿ ಇದು ಹೆಚ್ಚಾಗಿ ಬರುವುದು ಸಂತೆಯಿಂದ. ಒಂದು ಮನೆಯಲ್ಲಿ ಕೋಳಿ ಸಾಯತೊಡಗಿದರೆ ಉಳಿದದ್ದನ್ನು ಬೇಗ ಮಾರಿಬಿಡುತ್ತಾರೆ. ಅದನ್ನು ಕೊಂಡವರ ಮನೆಗೆ ರೋಗ ಹೋಗುತ್ತದೆ. ಹೊಸ ಕೋಳಿ ತಂದರೆ ಮೂರು ವಾರ ಬೇರೆ ಗೂಡಿನಲ್ಲಿಡಿ, ಅದಕ್ಕೆ ಕಾಳು ಹಾಕುವುದು ಕೊನೆಯಲ್ಲಿ.

ಈ ರೋಗ ತಡೆಯೋಕೆ ಮರಿಗೆ 5ರಿಂದ 7 ದಿನದಲ್ಲಿ ಲಸೋಟಾ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಮತ್ತೊಮ್ಮೆ. ಎಂಟು ವಾರಕ್ಕೆ ಇದೇ ರೋಗದ ಇನ್ನೊಂದು ಲಸಿಕೆ ಆರ್‌2ಬಿ, ರೆಕ್ಕೆಯ ಕೆಳಗೆ ಚುಚ್ಚುವುದು. ತೂಗಡಿಸುವ ಕೋಳಿಗೆ ಹಾಕಬಾರದು.

ಪ್ರಶ್ನೆ (ಮೈಸೂರು): ಸಾರ್, ನಗರದಲ್ಲಿ 30-40 ಸೈಟಿನ ಮನೆಯ ಹಿಂದೆ ನಾಲ್ಕು ಹ್ಯಾಟೆ ಸಾಕಿದ್ದೇವೆ. ಹಕ್ಕಿ ಜ್ವರದ ಭಯ.

ಉತ್ತರ: 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನಲ್ಲಿ ಬಂದಿತ್ತು, ನಿಮ್ಮ ಭಯ ಸುಮ್ನೆ ಅಲ್ಲ. ಕಾಳು, ನೀರು ಸೂರಿನ ಕೆಳಗಿಡಿ, ಕಾಗೆ ಪಾರಿವಾಳ ಬರದ ಹಾಗೆ. ಒಟ್ಟೊಟ್ಟಿಗೆ ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ, ಕುಯ್ಯಲೂ ಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ (ಪಾಂಡವಪುರ): ಕೋಳಿ ಗೊಬ್ಬರ ಸೊಪ್ಪಿಗೆ ನೇರ ಹಾಕಬಹುದಾ? ಮತ್ತೆ ಆ ಲಸಿಕೆ ಸೀಸೆ ನೂರು ಕೋಳಿಗಂತೆ, ಹನ್ನೆರಡಕ್ಕೆ ಯಾರು ಬಿಚ್ಚುತ್ತಾರೆ?

ಉತ್ತರ: ಹಸಿ ಹಿಕ್ಕೆ ಬಹಳ ಕಾವು, ಗಿಡ ಸುಟ್ಟುಹೋಗುತ್ತದೆ. ತರಗು, ತೆಂಗಿನ ನಾರಿನ ಜೊತೆ ಗುಂಡಿಗೆ ಹಾಕಿ ಮೂರು ತಿಂಗಳು ಕೊಳೆಸಿ.

ಸೀಸೆ ವಿಷಯ ನಿಜ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಹಾಗಾಗಿ ಒಬ್ಬರೇ ಹೋಗಬೇಡಿ, ಬೀದಿಯವರನ್ನೆಲ್ಲ ಸೇರಿಸಿ. ನಿಮ್ಮ ಕೋಳಿಗೆ ಹಾಕಿ ಪಕ್ಕದ ಮನೆಯದಕ್ಕೆ ಹಾಕದಿದ್ದರೆ ರೋಗ ಬೀದಿಯಲ್ಲೇ ಉಳಿಯುತ್ತದೆ.

ಪಾಂಡವಪುರ: ಕೇಳಿದೆ ಡಾಕ್ಟ್ರೇ, ಐದು ಮನೆ ಸೇರಿ ಅರವತ್ತಾಗುತ್ತೆ.

ಉತ್ತರ: ತುಂಬಾ ಸಂತೋಷ. ಪಶು ಆಸ್ಪತ್ರೆಯಲ್ಲಿ ದಿನ ಕೇಳಿಕೊಳ್ಳಿ. ಫ್ಲಾಸ್ಕಿನಲ್ಲಿ ಐಸು ತುಂಬಿಕೊಂಡು ಹೋಗಿ. ಅವತ್ತು ಬೆಳಿಗ್ಗೆ ಯಾರೂ ಗೂಡಿನ ಬಾಗಿಲು ತೆಗೆಯಬೇಡಿ, ಹೊರಗೆ ಬಿಟ್ಟರೆ ಹಿಡಿಯುವುದರಲ್ಲೇ ಎರಡು ಗಂಟೆ ಕಳೆದುಹೋಗುತ್ತದೆ.